ಬಿಳಿ ಅಂಬಾಸಿಡರಿಗೆ ಕೆಂಪು ಬೆಂಗಾವಲು

ಮನೆಯಲ್ಲಿ ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಖಚಿತವಾದ ಮೇಲೆ ಗಂಡಸು ಯಾವುದಾದರೊಂದು ಯಂತ್ರವನ್ನು ಹಿಡಿದುಕೊಳ್ಳುತ್ತಾನೆ. ಇದು ನಾನು ಅನೇಕ ಮನೆಗಳಲ್ಲಿ ಕಂಡಿರುವ ಸಂಗತಿ. ಒಬ್ಬರ ತೋಟದಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರ್ ಇರುತ್ತದೆ. ಅದರ ಹಸಿರು ಗುಂಡಿಯನ್ನು ಯಜಮಾನರು ಎಡಗೈ ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ನೀರು ಬರುತ್ತದಂತೆ. ಇನ್ನೊಬ್ಬರ ಮನೆಯಲ್ಲಿ ನೆತ್ತಿಗೆ ಎರಡೇಟು ಬಿದ್ದರೆ ಮಾತ್ರ ಹಾಡುವ ರೇಡಿಯೋ. ಮತ್ತೊಬ್ಬರ ಮನೆಯಲ್ಲಿ ಮುಂಬಾಗಿಲ ಬೀಗ. ಹೆಂಡತಿ ಮಕ್ಕಳು ಕೀಲಿಕೈ ತಿರುಗಿಸಿ ತಿರುಗಿಸಿ ಸೋತು ಜಗಲಿಯ ಮೇಲೆ ಕೂತಿರುತ್ತಾರೆ; ಯಜಮಾನರು ನಿಧಾನವಾಗಿ ಬಂದು, ಬಾಗಿಲನ್ನು ಮೊಣಕಾಲಿನಿಂದ ಕೊಂಚ ಎತ್ತಿ, ತೆರೆದು ಒಳಗೆ ಹೋಗುತ್ತಾರೆ. ಆಗ ಅವರ ಮುಖದಲ್ಲಿ ಮೂಡುವ ಕಳೆ ನನಗೆ ಚೆನ್ನಾಗಿ ಗೊತ್ತು. ನನ್ನ ಮುಖದಲ್ಲೂ ಅದು ಬಹಳ ವರ್ಷ ಇತ್ತು. ಅದನ್ನು ನನಗೆ ಕೊಟ್ಟಿದ್ದು ನಮ್ಮಪ್ಪ ಬಿಟ್ಟುಹೋದ ಬಿಳಿ ಅಂಬಾಸಿಡರ್ ಕಾರು.

ನಾನು ದೊಡ್ಡಗಾಜನೂರಿನವನು. ಅರಿಶಿನ, ಕೋಸು ಬೆಳೆಯುತ್ತೇನೆ. ಬೆಳೆಯ ವಿಚಾರದಲ್ಲಿ ನಮ್ಮ ಮನೆಯಲ್ಲಿ ನಡೆಯುವುದು ಹೆಂಡತಿ ಗಿರಿಜಳ ಮಾತು. ನೆಂಟರಿಷ್ಟರ ವಿಚಾರದಲ್ಲಿ ಮಗಳು ಸೌಮ್ಯಳದು. ಮದುವೆಯಾಗಿ ತಾಳಮಲೆಗೆ ಹೋದ ಮೇಲೂ ಫೋನಿನಲ್ಲೇ ಅವಳು ಆ ಖಾತೆಯನ್ನು ನೋಡಿಕೊಳ್ಳುತ್ತಾಳೆ. ಟಿ.ವಿ. ವಿಚಾರದಲ್ಲಿ ನಮ್ಮ ಜೊತೆಗಿರುವ ನನ್ನ ಸೋದರತ್ತೆಯದು. ಕಾರಿನ ವಿಚಾರದಲ್ಲಿ ಮಾತ್ರ ನನ್ನದು. ಅದಕ್ಕೆ ಕಾರಣ ಕಾರಿನ ಗುಣ. ಅದರ ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತದೆ. ಸ್ಟಿಯರಿಂಗ್ ಪಕ್ಕದ ಗೇರಿನ ಕೋಲನ್ನು ಎರಡನೆಯದಕ್ಕೆ ಹಾಕಬೇಕಾದರೆ ಮೊದಲು ನಮ್ಮ ಕಡೆ ಎಳೆದು, ಮನಸ್ಸು ಬದಲಾಯಿಸಿದವರಂತೆ ಬಿಟ್ಟು, ಆಮೇಲೆ ಎತ್ತಬೇಕು. ಇನ್ನು ಎಲ್ಲಕ್ಕಿಂತ ದೊಡ್ಡ ಗುಟ್ಟು, ಎಂಜಿನ್ ಬಿಸಿಯಾಗಿದ್ದಾಗ ನಿಂತುಹೋದರೆ ಪೆಟ್ರೋಲು ಹೆಚ್ಚಿಸುವ ಚೋಕನ್ನು ಮುಟ್ಟಲೇಬಾರದು. ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದು, ‘ಓಂ ನಮಃ ಶಿವಾಯ’ ಎಂದು ನಿಧಾನವಾಗಿ ಒಮ್ಮೆ ಹೇಳಿಕೊಂಡು, ಆಮೇಲೆ ಕೀ ತಿರುಗಿಸಬೇಕು. ಇದರಲ್ಲಿ ಭಕ್ತಿಯ ಪ್ರಶ್ನೆಯಿಲ್ಲ. ಜಾಸ್ತಿಯಾದ ಪೆಟ್ರೋಲು ಆರುವುದಕ್ಕೆ ಅಷ್ಟು ಹೊತ್ತು ಬೇಕು, ಅಷ್ಟೆ. ಆದರೆ ನೋಡುವವರಿಗೆ ನಾನು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಸತ್ತ ಕಾರನ್ನು ಬದುಕಿಸಿದಂತೆ ಕಾಣುತ್ತದೆ. ಹಾಗೆ ಕಾಣಲಿ ಎಂದು ನಾನೂ ಕೊಂಚ ಜಾಸ್ತಿಯೇ ಕಣ್ಣು ಮುಚ್ಚುತ್ತಿದ್ದೆ.

ಹೀಗಿರುವಾಗ ನನ್ನ ಭಾಮೈದ ರುದ್ರೇಶ ಕೆಂಪು ಕಾರು ತಂದ. ಅವನಿಗೆ ಕೊಯಮತ್ತೂರಿನಲ್ಲಿ ಮೋಟರು ಪಂಪಿನ ವ್ಯಾಪಾರ. ಕಾರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ನಮ್ಮ ಅಂಬಾಸಿಡರಿಗಿಂತ ವಯಸ್ಸಿನಲ್ಲಿ ಹಿರಿಯದು. ಆದರೆ ಮೈಕಟ್ಟಿನಲ್ಲಿ ಅದರ ಮೊಮ್ಮಗಳು. ಎರಡೇ ಸೀಟು. ತಲೆಯ ಮೇಲೆ ಆಕಾಶ. ಬಟ್ಟೆಯದೊಂದು ಮುಚ್ಚಿಗೆ ಇದೆಯಂತೆ, ಅದನ್ನು ಅವನು ಕೊಯಮತ್ತೂರಿನಲ್ಲೇ ಬಿಟ್ಟು ಬರುತ್ತಾನೆ. ಕೂತರೆ ರಸ್ತೆಗೂ ನಮಗೂ ನಡುವೆ ಒಂದು ತಟ್ಟೆ ತೂರುವಷ್ಟು ಜಾಗ. ನಮ್ಮ ಕಾರಿಗೆ ಏಳು ಜನ ಹತ್ತುವುದು ಸಾಮಾನ್ಯ. ಅದರಲ್ಲಿ ನಾನು ಮದುಮಗನಾಗಿ ಹೋದೆ, ಸೌಮ್ಯ ಹುಟ್ಟಿದಾಗ ಚಾಮರಾಜನಗರದ ಆಸ್ಪತ್ರೆಯಿಂದ ಅದರಲ್ಲೇ ಬಂದಳು, ಒಮ್ಮೆ ಕಾಲು ಮುರಿದ ಕರು ಕೂಡ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಾ ಬಂದಿತ್ತು. ಕೆಂಪು ಕಾರಿನಲ್ಲಿ ಕರುವಿರಲಿ, ಒಂದು ಕುಂಬಳಕಾಯಿಗೂ ಜಾಗ ಹುಡುಕಬೇಕು. ರುದ್ರೇಶ ಬಂದಾಗಲೆಲ್ಲ ಎರಡನ್ನೂ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ ನಾವಿಬ್ಬರೂ ವಾದ ಹೂಡುತ್ತಿದ್ದೆವು. “ಬಾವ, ಇದು ಕುದ್ರೆ. ನಿಮ್ದು ಎಮ್ಮೆ” ಎಂದು ಅವನು. “ಎಮ್ಮೆ ಆಲು ಕೊಡ್ತದೆ ಕಣ್ಲಾ. ನಿನ್ ಕುದ್ರೆ ಏನ್ ಕೊಟ್ಟದು?” ಎಂದು ನಾನು. ಹೀಗೆ ಬಾಯಲ್ಲಿ ಎಮ್ಮೆಯ ಪರ ವಾದಿಸುತ್ತಿದ್ದರೂ, ಅವನು ಸ್ನಾನಕ್ಕೆ ಹೋದಾಗ ನಾನು ಕದ್ದು ಕುದುರೆಯ ಮೇಲೆ ಕೂತು ಸ್ಟಿಯರಿಂಗ್ ಸವರಿ ಬರುತ್ತಿದ್ದೆ. ಅದನ್ನು ಓಡಿಸುವ ಆಸೆ ನನಗೆ ಎಷ್ಟಿತ್ತೆಂದರೆ, ಕೇಳಲು ನಾಚಿಕೆಯಾಗುತ್ತಿತ್ತು.

ಸೌಮ್ಯ ಚೊಚ್ಚಲ ಬಸುರಿ. ಒಂಬತ್ತನೇ ತಿಂಗಳಿಗೆ ಬಿದ್ದಿದ್ದಳು. ಬಾಣಂತನಕ್ಕೆ ಕರೆತರಲು ಒಳ್ಳೆಯ ದಿನ ನೋಡಿ ಇಟ್ಟಿದ್ದೆವು. ಅಷ್ಟರಲ್ಲಿ ಡಾಕ್ಟರಮ್ಮ ಅವಳ ಬಿ.ಪಿ. ಏರಿದೆ, ಕಾಡಿನ ನಡುವಿನ ಊರಿನಲ್ಲಿ ಇನ್ನು ಇರಬೇಡಿ, ಆಸ್ಪತ್ರೆ ಹತ್ತಿರವಿರುವ ಕಡೆ ಹೋಗಿ, ದಾರಿಯಲ್ಲಿ ಕುಲುಕಾಟ ಬೇಡ, ಗಾಬರಿಯಂತೂ ಬೇಡವೇ ಬೇಡ ಎಂದುಬಿಟ್ಟರು. ಗಿರಿಜ ಒಳ್ಳೆಯ ದಿನವನ್ನು ಬಿಟ್ಟು ಮಾರನೆಯ ದಿನವನ್ನೇ ಒಳ್ಳೆಯದು ಮಾಡಿದಳು. ರುದ್ರೇಶನಿಗೂ ಸುದ್ದಿ ಹೋಯಿತು. ಬಸುರಿಯನ್ನು ಕರೆತರುವಾಗ ಸೋದರಮಾವ ಇಲ್ಲದೆ ಆಗುವುದುಂಟೇ? ಅವನು ಬೆಳಗಾಗುತ್ತಲೇ ದಿಂಬದ ಘಾಟಿಯ ತಿರುವುಗಳನ್ನೆಲ್ಲ ಹತ್ತಿ ಕೆಂಪು ಕಾರಿನಲ್ಲೇ ತಾಳಮಲೆಗೆ ಬಂದಿಳಿದ. ನಾನು, ಗಿರಿಜ, ಸೋದರತ್ತೆ ಈ ಕಡೆಯಿಂದ ಅಂಬಾಸಿಡರಿನಲ್ಲಿ ಹೋದೆವು.

ಊಟವಾಗಿ, ಮಡಿಲು ತುಂಬಿ, ಹೊರಡುವ ಹೊತ್ತಿಗೆ ರುದ್ರೇಶ ಶುರುಮಾಡಿದ. “ಸೋದ್ರಮಾವ ನಾನು. ಮಗೀನ ನನ್ ಕಾರಲ್ಲೇ ಕರ್ಕಬತ್ತೀನಿ.” ಸೌಮ್ಯ ಆ ಕಾರನ್ನು ಮೇಲಿನಿಂದ ಕೆಳಗೆ ನೋಡಿದಳು, ಮೇಲಿನಿಂದ ಕೆಳಗೆ ನೋಡಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. “ಮಾವ, ಇದ್ರೊಳಕೆ ನನ್ನ ಇಳ್ಸಕ್ಕೆ ಇಬ್ರು ಬೇಕು, ಎತ್ತಕ್ಕೆ ನಾಕು ಜನ ಬೇಕು. ನಾ ಒಲ್ಲೆ” ಎಂದಳು. ರುದ್ರೇಶನ ಮುಖ ಸಣ್ಣಗಾಯಿತು. ಸೋದರಮಾವನ ಹಕ್ಕಿಗೆ ಧಕ್ಕೆ ಬಂದರೆ ನಮ್ಮಲ್ಲಿ ನೆಂಟಸ್ತನವೇ ಬಿಗಿಯಾಗುತ್ತದೆ. ಒಂದು ಮದುವೆಯಲ್ಲಿ ಸೋದರಮಾವನನ್ನು ಕೇಳದೆ ಹುಡುಗಿಯನ್ನು ಹಸೆಗೆ ಕೂರಿಸಿದ್ದಕ್ಕೆ ಆತ ಪಾಯಸವನ್ನು ಮುಟ್ಟದೆ ಎದ್ದು ಹೋಗಿದ್ದು ನನಗೆ ನೆನಪಿದೆ. ಗಿರಿಜ ತಮ್ಮನ ಮುಖ ನೋಡಿ ಕೂಡಲೇ ತೀರ್ಪು ಕೊಟ್ಟಳು. “ನೀನೇ ಕರ್ಕಬಾಪ್ಪ. ನಮ್ ಕಾರ ನೀನು ಓಡ್ಸು. ಇವರು ನಿನ್ ಕಾರ ತತ್ತರೆ.”

ಇವರು ಎಂದರೆ ನಾನು. ಕೆಂಪು ಕಾರಿನ ಕೀ ನನ್ನ ಅಂಗೈಗೆ ಬಿತ್ತು. ಎಷ್ಟೋ ದಿನದಿಂದ ಬಯಸಿದ್ದು ಹೀಗೆ ತಾನಾಗಿ ಬಂದಾಗ ಮನುಷ್ಯ ಗಂಭೀರವಾಗಿರಬೇಕು. ನಾನು ಗಂಭೀರವಾಗಿ, “ಏನೋ, ಎಲ್ಲಾರ ಮಾತು, ಆಗ್ಲಿ” ಎಂದೆ. ಆಮೇಲೆ ರುದ್ರೇಶನಿಗೆ ಅಂಬಾಸಿಡರಿನ ಪಾಠ ಹೇಳಿದೆ. ಎಡಬಾಗಿಲು ಹೇಳಿದೆ. ಎರಡನೇ ಗೇರು ತೋರಿಸಿದೆ. ಬಿಸಿ ಎಂಜಿನ್ನಿನ ವಿಚಾರಕ್ಕೆ ಬಂದಾಗ ಯಾಕೋ ನಾಲಿಗೆ ತಡೆಯಿತು. ಎಲ್ಲವನ್ನೂ ಒಂದೇ ಸಲ ಹೇಳಿಬಿಟ್ಟರೆ ಇನ್ನು ಅಂಗಳದಲ್ಲಿ ನಾನು ವಾದಿಸುವುದೇನು? ಮನೆ ತಲುಪುವವರೆಗೆ ಎಂಜಿನ್ ನಿಲ್ಲಿಸುವ ಪ್ರಸಂಗವೇ ಬರುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, “ಇಷ್ಟೇ ಕಣ, ಇನ್ನೇನಿಲ್ಲ” ಎಂದು ಮುಗಿಸಿದೆ.

ಹೊರಡುವ ಕೊನೆಯ ಗಳಿಗೆಯಲ್ಲಿ ಬೀಗಿತ್ತಿ, ಅಂದರೆ ಸೌಮ್ಯಳ ಅತ್ತೆ, ಒಂದು ಏಲಕ್ಕಿ ಬಾಳೆಗೊನೆ ಹೊತ್ತು ತಂದರು. ಚೆನ್ನಾಗಿ ಹಣ್ಣಾಗಿ, ಘಮಘಮ ಎನ್ನುತ್ತಿತ್ತು. ಕಾಡಿನ ದಾರಿಯಲ್ಲಿ ಮಾಗಿದ ಹಣ್ಣು ಕೊಂಡೊಯ್ಯಬಾರದು ಎಂಬುದು ನಮ್ಮ ಸೀಮೆಯ ಸಣ್ಣ ಮಗುವಿಗೂ ಗೊತ್ತು. ಬೀಗಿತ್ತಿಗೂ ಗೊತ್ತು. ಆದರೆ ಬಸುರಿಯ ಮಡಿಲಿಗೆ ಮುಟ್ಟಿಸಿದ ಗೊನೆ ಅದು, ಬಿಟ್ಟು ಹೋದರೆ ಹೇಗೆ? ಬೇಡ ಎಂದು ಅವರ ಮನೆಯಲ್ಲಿ ನಿಂತು ಹೇಳುವ ಧೈರ್ಯ ಯಾರಿಗಿದೆ? “ತವರು ಸೇರಗಂಟ ನೆಲಕ್ಕೆ ಮಾತ್ರ ಮುಟ್ಟುಸ್ಬೇಡಿ ಬೀಗ್ರೇ” ಎಂದು ಬೇರೆ ಹೇಳಿದರು. ಅಂಬಾಸಿಡರಿನ ಡಿಕ್ಕಿ ಅವರೆಕಾಯಿ ಮೂಟೆ, ತೊಟ್ಟಿಲು, ಸ್ಟೆಪ್ನಿಯಿಂದ ತುಂಬಿಹೋಗಿತ್ತು. ಗೊನೆ ಬಂದು ಕೆಂಪು ಕಾರಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತಿತು. ಬೀಳದಂತೆ ಅದನ್ನು ನನ್ನ ಟವಲಿನಿಂದ ಸೀಟಿಗೆ ಕಟ್ಟಿದೆ.

ಅಂಬಾಸಿಡರ್ ಮುಂದೆ, ನಾನು ಹಿಂದೆ. ಬಸುರಿಗೆ ಬೆಂಗಾವಲಾಗಿ ಬರುತ್ತೇನೆ ಎಂದು ನಾನೇ ಹೇಳಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಡಿನಂಚಿನ ಚೆಕ್‌ಪೋಸ್ಟಿನಲ್ಲಿ ಗೇಟು ಬೀಳುತ್ತದೆ. ಬಿದ್ದ ಮೇಲೆ ಯಾರಪ್ಪ ಬಂದರೂ ಎತ್ತುವುದಿಲ್ಲ, ತಿರುಗಿ ತಾಳಮಲೆಗೇ ಹೋಗಬೇಕು. ಬೀಗಿತ್ತಿಯ ಉಪಚಾರದಲ್ಲಿ ಹೊರಡುವುದು ತಡವಾಗಿತ್ತು. ಆದರೂ ರುದ್ರೇಶ ಕುಲುಕದಂತೆ, ಮೊಟ್ಟೆ ಸಾಗಿಸುವವನ ಹಾಗೆ ಓಡಿಸುತ್ತಿದ್ದ. ನನಗೆ ಆ ನಿಧಾನವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಕಾಲಡಿಯಲ್ಲಿ ಕುದುರೆ ಗುರ್ ಎನ್ನುತ್ತಿದೆ, ಮುಂದೆ ಎಮ್ಮೆ ಹೋಗುತ್ತಿದೆ! ಕೊಂಚ ಹಿಂದೆ ಉಳಿದುಕೊಂಡು, ಆಮೇಲೆ ರೊಯ್ಯನೆ ಬಂದು ಅದನ್ನು ಮುಟ್ಟುವ ಆಟ ಶುರುಮಾಡಿದೆ. ತಲೆಗೂದಲು ಹಾರುತ್ತಿತ್ತು, ಇರುವಷ್ಟು. ಗುಂಡಿ ಸಿಕ್ಕಿದಲ್ಲೆಲ್ಲ ಬೆನ್ನುಮೂಳೆ ನೆತ್ತಿಗೆ ಬಂದು ಹೋಗುತ್ತಿತ್ತು. ಆದರೂ ನಾನು ಹಾಡಿಕೊಳ್ಳುತ್ತಿದ್ದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಹಾಗೆ ಹಿಂದೆ ಉಳಿದು ತಿರುವಿನಲ್ಲಿ ಬಂದಾಗ, ಅಂಬಾಸಿಡರ್ ರಸ್ತೆಯ ಮೇಲೆ ನಿಂತಿತ್ತು. ಅದಕ್ಕೂ ನನಗೂ ನಡುವೆ, ಬಿದಿರು ಮೆಳೆಯಿಂದ ಇಳಿದು ಬಂದ ಒಂಟಿ ಸಲಗ ನಿಂತಿತ್ತು.

ನಮ್ಮ ಕಡೆಯವರಿಗೆ ಆನೆ ಹೊಸದಲ್ಲ. ಎದುರಾದರೆ ಏನು ಮಾಡಬೇಕೆಂಬುದೂ ಗೊತ್ತು: ಹಾರನ್ ಹೊಡೆಯಬಾರದು, ಲೈಟು ಹಾಕಬಾರದು, ದೂರದಲ್ಲಿ ಸುಮ್ಮನೆ ನಿಲ್ಲಬೇಕು, ಅದು ಬಂದರೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಸುಮ್ಮನೆ ನಿಂತೆ. ಹಿಂದಕ್ಕೆ ತೆಗೆದುಕೊಳ್ಳೋಣ ಎಂದರೆ ಆ ಇಂಗ್ಲಿಷ್ ಕುದುರೆಗೆ ರಿವರ್ಸ್ ಗೇರು ಎಲ್ಲಿದೆ ಎಂದು ನಾನು ಕೇಳಿರಲೇ ಇಲ್ಲ. ಮುಂದಕ್ಕೆ ಓಡಿಸುವ ಸಡಗರದಲ್ಲಿ ಹಿಂದಕ್ಕೆ ಹೋಗುವ ವಿಚಾರ ಯಾರಿಗೆ ಹೊಳೆಯುತ್ತದೆ? ಕೈಗೆ ಸಿಕ್ಕ ಕಡೆಗೆಲ್ಲ ಗೇರು ತಳ್ಳಿ ನೋಡಿದೆ. ಎಂಜಿನ್ ಒಮ್ಮೆ ನಡುಗಿ ಆರಿಹೋಯಿತು.

ಆಗ ಸುತ್ತ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಆನೆಯಾಚೆಯಿಂದ ಒಂದು ಸದ್ದು ಕೇಳಿತು. ಕುಂಯ್ ಕುಂಯ್ ಕುಂಯ್. ಅಂಬಾಸಿಡರಿನ ಸೆಲ್ಫ್ ಸ್ಟಾರ್ಟರು. ಆನೆಯನ್ನು ಕಂಡು ರುದ್ರೇಶ ಗಾಬರಿಯಲ್ಲಿ ಎಂಜಿನ್ ಆಫ್ ಮಾಡಿಕೊಂಡಿದ್ದ. ಎಂಜಿನ್ ಬಿಸಿ. ಅವನು ಚೋಕ್ ಎಳೆದಿರುತ್ತಾನೆ. ಗೊತ್ತಿಲ್ಲದವರೆಲ್ಲ ಮೊದಲು ಚೋಕನ್ನೇ ಎಳೆಯುತ್ತಾರೆ. ಮತ್ತೆ ಕುಂಯ್ ಕುಂಯ್. ಆನೆ ಆ ಸದ್ದಿಗೆ ಕಿವಿ ಅಗಲಿಸಿ ಆ ಕಡೆ ತಿರುಗಿತು. ಹಿಂದಿನ ಗಾಜಿನಲ್ಲಿ ನನ್ನ ಮಗಳ ತಲೆ ಕಾಣುತ್ತಿತ್ತು. ಅವಳ ಕಡೆಯ ಬಾಗಿಲು ಎಡಬಾಗಿಲು. ಒಳಗಿನಿಂದ ತೆಗೆಯುವುದಿಲ್ಲ.

ಇಷ್ಟು ಹೊತ್ತು ನಗಿಸುತ್ತಾ ಬಂದವನು ಈಗ ಒಂದು ಮಾತು ನೇರವಾಗಿ ಹೇಳಬೇಕು. ನನಗೆ ಅಂಥ ಭಯ ಹಿಂದೆಂದೂ ಆಗಿರಲಿಲ್ಲ. ನನ್ನ ಬಗ್ಗೆಯಲ್ಲ. ಒಂದು ಶಿವನಾಮದಷ್ಟು ಚಿಕ್ಕ ಮಾತನ್ನು ಹೇಳದೆ ಬಚ್ಚಿಟ್ಟುಕೊಂಡಿದ್ದೆ; ಅದು ಅಲ್ಲಿ ಆ ಕಾರಿನೊಳಗೆ ಬೇಕಾಗಿತ್ತು, ಇಲ್ಲಿ ನನ್ನ ಬಾಯಲ್ಲಿ ಒಣಗುತ್ತಿತ್ತು. ಕೂಗಿ ಹೇಳೋಣವೆಂದರೆ ಆನೆ ಬೆದರಿ ಯಾವ ಕಡೆ ನುಗ್ಗುತ್ತದೋ! ಅದು ಅಂಬಾಸಿಡರಿನತ್ತ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು. ನನ್ನ ಕೈ ತಾನಾಗಿ ಟವಲಿನ ಗಂಟು ಬಿಚ್ಚಿತು. ಸೀಟಿನ ಮೇಲೆ ಎದ್ದು ನಿಂತು, ಬಾಳೆಗೊನೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದೆ. ಮುಚ್ಚಿಗೆಯಿಲ್ಲದ ಕಾರಿನ ಉಪಯೋಗ ನನಗೆ ಆಗ ತಿಳಿಯಿತು.

ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತು. ಸಲಗ ನಿಂತಿತು. ಸೊಂಡಿಲು ಎತ್ತಿ ಮೂಸಿತು. ಆಮೇಲೆ, ಯಾರೋ ಪರಿಚಯದವರು ಕರೆದರೆಂಬಂತೆ, ನಿಧಾನವಾಗಿ ನನ್ನ ಕಡೆ ತಿರುಗಿ ನಡೆದು ಬಂತು. ಬರಲಿ ಎಂದೇ ನಾನು ಗೊನೆ ಎತ್ತಿದ್ದು. ಬರತೊಡಗಿದಾಗ ಮಾತ್ರ ಈ ಯೋಚನೆ ಅಷ್ಟು ಚೆನ್ನಾಗಿಲ್ಲ ಅನ್ನಿಸಿತು. ಆ ಹೊತ್ತಿಗೆ ಆಚೆಯಿಂದ ಕುಂಯ್ ಕುಂಯ್ ನಿಂತುಹೋಯಿತು. ಬ್ಯಾಟರಿ ಮುಗಿಯಿತು, ಇನ್ನೇನೂ ಉಳಿದಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಎಷ್ಟು ಹೊತ್ತು ಎಂದರೆ, ನಿಧಾನವಾಗಿ ‘ಓಂ ನಮಃ ಶಿವಾಯ’ ಎಂದು ಒಮ್ಮೆ ಹೇಳುವಷ್ಟು ಹೊತ್ತು. ಆಮೇಲೆ ಒಂದೇ ಒಂದು ಕುಂಯ್, ಅದರ ಹಿಂದೆಯೇ ಡರ್ ಎಂದು ಎಂಜಿನ್ ಹಿಡಿದುಕೊಂಡಿತು. ಮೊದಲನೇ ಗೇರು ಬಿತ್ತು. ಕೋಲನ್ನು ಎಳೆದು, ಬಿಟ್ಟು, ಎತ್ತಿದ ಸದ್ದು. ಎರಡನೆಯದೂ ಬಿತ್ತು, ಕಟಕ್ ಎನ್ನದೆ. ಅಷ್ಟು ನಯವಾಗಿ ನನಗೇ ಎಂದೂ ಬಿದ್ದಿರಲಿಲ್ಲ. ಬಿಳಿ ಕಾರು ತಿರುವಿನಲ್ಲಿ ಮರೆಯಾಯಿತು.

ಮಗಳು ಪಾರಾದಳೆಂದು ಕಣ್ಣಲ್ಲಿ ನೀರು ಬಂತು. ಅದು ಪೂರ್ತಿ ಇಳಿಯುವ ಮುಂಚೆಯೇ ಒಂದು ಸಂಶಯವೂ ಬಂತು: ಯಾರು ಹೇಳಿಕೊಟ್ಟರು? ಆನೆ ಎದುರು ನಿಂತಿರುವಾಗ ಹುಟ್ಟಬಾರದ ಸಂಶಯ ಅದು. ಅಷ್ಟರಲ್ಲಿ ಸೊಂಡಿಲು ಬಂದು ಗೊನೆಯನ್ನು ಸುತ್ತಿತು. ನಾನು ಬಿಡಬೇಕು, ಬಿಡಲು ಕೈ ಬರಲಿಲ್ಲ. ಬೆರಳು ದಿಂಡಿಗೆ ಕಚ್ಚಿಕೊಂಡಿದ್ದವು. ಸಲಗ ಒಮ್ಮೆ ಮೆಲ್ಲಗೆ ಎಳೆಯಿತು. ನಾನೂ ಬಂದೆ. ಅದು ತಡೆದು, ಸಣ್ಣ ಕಣ್ಣಲ್ಲಿ ನನ್ನನ್ನು ನೋಡಿತು. ಹಣ್ಣಿಗಾಗಿ ತನ್ನ ಜೊತೆ ಇಷ್ಟು ಜಗ್ಗಾಡಿದವರನ್ನು ಅದು ಕಂಡಿರಲಿಕ್ಕಿಲ್ಲ. ಎರಡನೆಯ ಸಲ ಎಳೆದಾಗ ದಿಂಡು ನನ್ನ ಕೈಯಿಂದ ಕಿತ್ತು ಹೋಯಿತು, ನಾನು ಸೀಟಿನೊಳಗೆ ಕುಸಿದೆ. ಗೊನೆ ನೆಲ ಮುಟ್ಟಲಿಲ್ಲ. ಬೀಗಿತ್ತಿಗೆ ಅಷ್ಟರಮಟ್ಟಿಗೆ ನಾನು ಮಾತು ಉಳಿಸಿಕೊಂಡಿದ್ದೇನೆ. ಸಲಗ ರಸ್ತೆಯ ನಡುವೆಯೇ ನಿಂತು, ಸಿಪ್ಪೆ ಸಮೇತ, ಒಂದಿಷ್ಟೂ ಅವಸರವಿಲ್ಲದೆ ತಿಂದಿತು. ಹೊತ್ತು ಇಳಿಯುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಗೇಟು ಬಿದ್ದಿರುತ್ತದೆ, ಇನ್ನು ರಾತ್ರಿಯಿಡೀ ಈ ತೆರೆದ ಬೋಗುಣಿಯಲ್ಲಿ ಇರಬೇಕು ಎಂದು ಲೆಕ್ಕ ಹಾಕಿದೆ. ಕೊನೆಗೆ ಅದು ಸೊಂಡಿಲಿನಿಂದ ಕಾರಿನ ಮೂತಿಯನ್ನು ಒಮ್ಮೆ ಸವರಿ, ತಿನ್ನುವಂಥದ್ದಲ್ಲ ಎಂದು ತಿಳಿದು, ಮೆಳೆಯೊಳಗೆ ಇಳಿದುಹೋಯಿತು. ನಾನು ಕೀ ತಿರುಗಿಸಿದೆ. ಕುದುರೆ ಓಡಿತು. ಆ ದಿನ ಅದು ಓಡಿದ ಓಟಕ್ಕೆ ಅದರ ಮೇಲಿನ ಎಲ್ಲ ದೂರುಗಳನ್ನೂ ವಾಪಸು ಪಡೆಯುತ್ತೇನೆ.

ಚೆಕ್‌ಪೋಸ್ಟಿನಲ್ಲಿ ದೀಪ ಹತ್ತಿತ್ತು. ಗೇಟು ಮಾತ್ರ ಬಿದ್ದಿರಲಿಲ್ಲ. ಬೀಳುವ ಹಾಗೆಯೂ ಇರಲಿಲ್ಲ, ಏಕೆಂದರೆ ಅದರ ಅಡ್ಡಗಂಬದ ಕೆಳಗೆ ಸರಿಯಾಗಿ, ಮೂತಿ ಆಚೆ, ಡಿಕ್ಕಿ ಈಚೆ ಮಾಡಿಕೊಂಡು ನಮ್ಮ ಅಂಬಾಸಿಡರ್ ನಿಂತಿತ್ತು. ಗಾರ್ಡು ಅದರ ಸುತ್ತ ತಿರುಗುತ್ತಾ, “ವಂಡಿಯ ಎಡುಂಗಮ್ಮಾ, ಗಾಡಿ ತೆಗೀರಮ್ಮಾ, ಟೈಮ್ ಆಚ್ಚು, ಆಫೀಸರ್ ಬಂದ್ರೆ ನನ್ ಕತೆ ಮುಗೀತು” ಎಂದು ತಮಿಳು, ಕನ್ನಡ ಎರಡು ಭಾಷೆಯಲ್ಲೂ ಗೋಳಾಡುತ್ತಿದ್ದ. ನಾನು ಇಳಿದು ಹತ್ತಿರ ಹೋದೆ. ಹಿಂದಿನ ಸೀಟಿನಲ್ಲಿ ಸೌಮ್ಯ ನನ್ನ ಸೋದರತ್ತೆಯ ಹೆಗಲಿಗೆ ಒರಗಿ ಕೂತಿದ್ದಳು. ಮುಂದೆ, ನಾನು ಸದಾ ಹೆಂಡತಿಯನ್ನು ಕೂರಿಸುವ ಜಾಗದಲ್ಲಿ ರುದ್ರೇಶ ಮುದುರಿಕೊಂಡಿದ್ದ. ಸ್ಟಿಯರಿಂಗ್ ಹಿಡಿದು ಕೂತಿದ್ದವಳು ಗಿರಿಜ.

“ಅಪ್ಪಾ, ನಿಂಗೇನೂ ಆಗಿಲ್ವಾ?” ಎಂದಳು ಮಗಳು. ಆಗಿಲ್ಲ ಎಂದೆ. “ನಂಗೂ ಏನೂ ಆಗಿಲ್ಲ ಕಣಪ್ಪ. ಅವ್ವ ಮಾವನ್ನ ಆ ಕಡೀಕೆ ತಳ್ಳುಬುಟ್ಟು ಸ್ಟಾರ್ಟ್ ಮಾಡ್ಬುಟ್ಳು.” ರುದ್ರೇಶ ತಗ್ಗಿದ ದನಿಯಲ್ಲಿ, “ಅಕ್ಕಂಗೆ ಯಾವಾಗ ಕಲ್ಸುದ್ರಿ ಬಾವ?” ಎಂದ. ಅದೇ ಪ್ರಶ್ನೆಯನ್ನು ನಾನು ಗಿರಿಜಳನ್ನು ಕೇಳಬೇಕೆಂದು ಬಾಯಿ ತೆರೆದೆ. ಅವಳು ಸೆರಗು ಸರಿಮಾಡಿಕೊಂಡು, ಗಾರ್ಡಿಗೆ ಕೇಳುವಂತೆ ಗಟ್ಟಿಯಾಗಿ, “ಸದ್ಯ ಬಂದ್ರಲ್ಲ. ಆಗ್ಲಿಂದ ಈ ಗಾಡಿ ನಿಂತ್ಕಬುಟ್ಟದೆ. ನಿಮ್ ಕೈಗಲ್ದೆ ಇದು ಯಾರ್ ಕೈಗೆ ಬಗ್ತದೆ? ಬನ್ನಿ, ಕೂತ್ಕಳಿ” ಎಂದು ರುದ್ರೇಶನ ಕಡೆ ಸರಿದು ಜಾಗ ಬಿಟ್ಟಳು. ನಾನು ಕೂತ ಮೇಲೆ ನನಗಷ್ಟೇ ಕೇಳುವಂತೆ ಹೇಳಿದಳು: “ಇಷ್ಟು ವರ್ಸ ಪಕ್ದಲ್ಲಿ ಕೂತು ನಿಮ್ ಕೈನೇ ನೋಡಿವ್ನಿ. ಅಲ್ಲಿಂದ ಇಲ್ಲೀಗಂಟ ನಿಂತೇ ಇಲ್ಲ ಇದು. ಗೇಟು ಬೀಳ್ದಿರ್ಲಿ ಅಂತ ನಾನೇ ಆಫ್ ಮಾಡಿವ್ನಿ. ಸುಮ್ಗೆ ಕಣ್ ಮುಚ್ಕಂಡು ನಿಮ್ ಮಂತ್ರ ಏಳಿ, ಗಾರ್ಡು ನೋಡ್ತಾವ್ನೆ.”

ಗಾರ್ಡು ಕಿಟಕಿಗೆ ಬಗ್ಗಿದ್ದ. ನಾನು ಕಣ್ಣು ಮುಚ್ಚಿದೆ. ಈ ಸಲ ಶಿವನಾಮವನ್ನು ಹೊತ್ತು ಅಳೆಯಲು ಹೇಳಲಿಲ್ಲ, ನಿಜವಾಗಿಯೂ ಹೇಳಿದೆ. ಕೀ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಗಾರ್ಡು ಬೆರಗಾಗಿ, “ಸಾರ್, ನಾನೂ ಎಷ್ಟೋ ಸಲ ತಿರ್ಗ್ಸಕ್ಕೆ ಕೇಳ್ದೆ, ಅಮ್ಮ ಕೀ ಮುಟ್ಟಕ್ಕೇ ಬಿಡ್ಲಿಲ್ಲ. ನೀವು ಬರ್ದಿದ್ರೆ ಇವ್ರ ಗತಿ ಏನಾಗ್ತಿತ್ತು!” ಎಂದ. ನಾನು ಗೇರಿಗೆ ಕೈ ಹಾಕಿದೆ. ಅಷ್ಟರಲ್ಲಿ ಗಿರಿಜಳೇ, “ಊಂ ಕಣಪ್ಪ, ಇವರಿಲ್ದಿದ್ರೆ ನಮ್ಗೆ ಇನ್ಯಾರವ್ರೆ” ಎಂದಳು. ಅದನ್ನು ಅವಳು ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಗಾರ್ಡಿನ ಜೊತೆಗೆ ನಾನೂ ನಂಬಿಬಿಟ್ಟೆ.